ಹಳದಿ ಕೆಂಪಾಗುವವರೆಗೆ

ಎಳೆ ಅಲ್ಲಿರಲಿಲ್ಲ. ನಿನ್ನೆ ಸಂಜೆ ಹೊರಡುವ ಮುಂಚೆ ಅವನು ತನ್ನ ಎರಡೂ ಟ್ರೇಗಳಿಗೆ ಹಳೆಯ ಪೇಪರಿನ ಹಾಳೆ ಹೊದಿಸಿ, ಹಾಳೆಯ ಅಂಚಿನಿಂದ ಮೇಜಿನ ಹಲಗೆಗೆ ಸೇತುವೆ ಹಾಕಿದ ಹಾಗೆ ಮರಗಡ್ಡದ ಒಂದು ಎಳೆಯನ್ನು ಇಟ್ಟಿದ್ದ. ಕೂದಲಿಗಿಂತ ತುಸು ದಪ್ಪ, ಬೂದು ಬೆರೆತ ಹಸಿರು. ಗೊತ್ತಿಲ್ಲದವರ ಕಣ್ಣಿಗೆ ಕಸ. ಹಾಳೆ ಎತ್ತಿದರೆ ಅದು ಬೀಳಲೇಬೇಕು, ಬಿದ್ದದ್ದು ಎತ್ತಿದವರಿಗೆ ತಿಳಿಯಬಾರದು. ಈಗ ಅದು ಕುರ್ಚಿಯ ಕಾಲಿನ ಹತ್ತಿರ ನೆಲದ ಮೇಲಿತ್ತು. ಬೂಟಿನ ದಾರ ಕಟ್ಟುವವನಂತೆ ಬಗ್ಗಿ ಎತ್ತಿಕೊಂಡ. ಬಗ್ಗಿದ ಮೇಲೆ ತಾನು ಹಾಕಿಕೊಂಡಿರುವುದು ಚಪ್ಪಲಿ ಎಂದು ನೆನಪಾಗಿ ಕಿವಿ ಬಿಸಿಯಾಯಿತು. ಯಾರೂ ನೋಡಿರಲಿಕ್ಕಿಲ್ಲ. ಪಕ್ಕದ ಮೇಜಿನವಳು ಕಿಟಕಿಯ ಹತ್ತಿರ ನಿಂತು ಗಾಜಿನ ಲೋಟ ತೊಳೆಯುತ್ತಿದ್ದಳು. ಅವಳ ಚೀಲ ಆಗಲೇ ಗೂಟದಲ್ಲಿ ನೇತಾಡುತ್ತಿತ್ತು. ಯಾವಾಗಲೂ ಅವನ ನಂತರ ಬರುವವಳು ಇವತ್ತು ಮೊದಲೇ ಬಂದಿದ್ದಳು. ಇವತ್ತೇ ಯಾಕೆ? ಕಸ ಗುಡಿಸುವವಳ ಪೊರಕೆ ತಾಗಿರಬಹುದು ಎಂದುಕೊಂಡ. ಆದರೆ ಪೊರಕೆ ಮೇಜಿನ ಮೇಲಕ್ಕೆ ಹತ್ತುವುದಿಲ್ಲ. ಗಾಳಿ? ಕಿಟಕಿಗಳು ಮುಚ್ಚಿದ್ದವು. ಕಾವಲಿನವನು ಸುತ್ತು ಹಾಕುವಾಗ ಅಂಗಿಯ ತೋಳು ಸವರಿರಬಹುದು, ಅದೂ ಸರಿಯೇ. ಹೀಗೆ ಒಬ್ಬೊಬ್ಬರನ್ನೇ ಬಿಡುಗಡೆ ಮಾಡುತ್ತ ಬಂದ ಹಾಗೆಲ್ಲ ಉಳಿದವಳ ಬೆನ್ನು ಅವನ ಕಣ್ಣಿಗೆ ಇನ್ನಷ್ಟು ನಿರಾಳವಾಗಿ, ಇನ್ನಷ್ಟು ಅಪರಾಧಿಯಂತೆ ಕಂಡಿತು.

“ಬಂದ್ರಾ ಅಣ್ಣ?” ಎಂದಳು ತಿರುಗದೆ. “ಏನೋ ಬಿತ್ತಾ?”

“ಏನಿಲ್ಲ.”

ತಿರುಗದೆ ಹೇಗೆ ಗೊತ್ತಾಯಿತು ಏನೋ ಬಿತ್ತೆಂದು?

ಕೆಲಸವೇನೋ ಸರಳವೇ. ಈ ಸಸ್ಯಸಂಗ್ರಹಾಲಯದ ಹಿಂದಿನ ಕೋಣೆಯಲ್ಲಿ, ಬೆಟ್ಟದ ಮೇಲಿನ ಕಾಡಿನಿಂದ ಚೀಲಗಟ್ಟಲೆ ಬಂದ ಮರಗಡ್ಡವನ್ನು ಎರಡು ಜಾತಿಗಳಾಗಿ ಬೇರ್ಪಡಿಸಬೇಕು. ಬೂಷ್ಟೊಂದು ಪಾಚಿಯೊಂದು ಸೇರಿ ಸಂಸಾರ ಹೂಡಿ, ಮರದ ಕೊಂಬೆಗೆ ನೇತುಬಿದ್ದು ಮುದುಕನ ಗಡ್ಡದ ಹಾಗೆ ತೂಗಾಡುವ ವಸ್ತು ಅದು. ಎರಡು ಜಾತಿಗಳಿಗೂ ಉದ್ದನೆಯ ಲ್ಯಾಟಿನ್ ಹೆಸರುಗಳಿದ್ದವು. ಎಂದೋ ನಿವೃತ್ತನಾದ ಯಾರೋ ಅವನ್ನು ದೊಡ್ಡಕ್ಕ, ಚಿಕ್ಕಕ್ಕ ಎಂದು ಕರೆದಿದ್ದು ಹಾಗೆಯೇ ಉಳಿದಿತ್ತು. ಒಂದೇ ಮನೆಯ ಹೆಣ್ಣುಮಕ್ಕಳೇ ಸರಿ. ಅದೇ ಬಣ್ಣ, ಅದೇ ಕಪ್ಪು ಬುಡ, ಮೈಮೇಲೆ ಅದೇ ಸಣ್ಣ ಗುಳ್ಳೆ. ನೀರಿನಲ್ಲಿ ನೆನೆಸಿ ಮೆಲ್ಲಗೆ ಎಳೆದರೆ ಎರಡರಲ್ಲೂ ಹೊರಚರ್ಮ ಬಳೆಬಳೆಯಾಗಿ ಒಡೆದು, ಒಳಗಿನ ಬಿಳಿಯ ನರ ರಬ್ಬರಿನಂತೆ ಹಿಗ್ಗುತ್ತದೆ. ಭೇದ ತಿಳಿಯುವುದು ಒಂದೇ ಕಡೆ. ಆ ನರದ ಸುತ್ತಲಿನ ಬಿಳಿಯ ತಿರುಳಿಗೆ ಪೊಟ್ಯಾಶ್ ನೀರಿನ ಹನಿ ಇಟ್ಟರೆ ಎರಡೂ ಮೊದಲು ಹಳದಿಯಾಗುತ್ತವೆ. ಚಿಕ್ಕಕ್ಕ ಹಳದಿಯಲ್ಲೇ ನಿಲ್ಲುತ್ತಾಳೆ. ದೊಡ್ಡಕ್ಕ ಸ್ವಲ್ಪ ಹೊತ್ತು ಯೋಚಿಸಿದವಳಂತೆ ಇದ್ದು ಇಟ್ಟಿಗೆಯ ಕೆಂಪಿಗೆ ತಿರುಗುತ್ತಾಳೆ. ಕಾಯಬೇಕು, ಅಷ್ಟೇ. ಹಿಂದೆ ಸಂಜೆ ಕಾಲೇಜಿನ ತರಗತಿಯಲ್ಲಿ ಇದನ್ನು ಮೊದಲ ಸಲ ಕಂಡಾಗ, ಬಾಯಿ ಬಿಡದವರಿಂದ ಮಾತು ಹೊರಡಿಸುವ ಉಪಾಯವೊಂದು ಲೋಕದಲ್ಲಿದೆಯೆಂದು ಅವನಿಗೆ ಎಂಥದೋ ನೆಮ್ಮದಿಯಾಗಿತ್ತು. ಮನುಷ್ಯರ ಮೇಲೂ ಇಡಲು ಇಂಥ ಒಂದು ಹನಿ ಸಿಕ್ಕಿದ್ದರೆ ಎಂದು ಆಮೇಲೆ ಎಷ್ಟೋ ಸಲ ಅನ್ನಿಸಿತ್ತು.

ಸಂಗ್ರಹಾಲಯದ ಮುಖ್ಯಸ್ಥೆಯನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು. ಕಳೆದ ತಿಂಗಳು ಇಬ್ಬರನ್ನೂ ಕರೆದು ಅವರು ಸುತ್ತಿ ಬಳಸದೆ ಹೇಳಿದ್ದರು: “ಕಾಯಂ ಕುರ್ಚಿ ಒಂದೇ ಮಂಜೂರಾಗಿದೆ. ನೀವು ಹಂಗಾಮಿಗಳು ಇಬ್ಬರು. ಇನ್ನೊಬ್ಬರನ್ನ ಇಟ್ಕೊಳ್ಳೋ ಹಾಗಿಲ್ಲ. ಒಂದೊಂದು ಮಾದರಿನೂ ಎರಡು ಭಾಗ ಮಾಡಿ ಇಬ್ಬರಿಗೂ ಕೊಡ್ತೀನಿ. ನಿಮ್ಮ ಪಾಡಿಗೆ ನೀವು ನೋಡಿ, ಬೇರ್ಪಡಿಸಿ. ಒಬ್ಬರನ್ನೊಬ್ಬರು ಕೇಳಬಾರದು. ಕೊನೇಲಿ ನಾನು ತಾಳೆ ನೋಡ್ತೀನಿ.” ಆ ಕೊನೆ ಇವತ್ತು ಮಧ್ಯಾಹ್ನ. ಅವನು ಇಲ್ಲಿ ಹಂಗಾಮಿಯಾಗಿ ಸೇರಿದಾಗ ತಲೆತುಂಬ ಕೂದಲಿತ್ತು. ಅವಳು ಬಂದದ್ದು ಹೋದ ಬೇಸಿಗೆ, ಬೀಜದ ಉಗ್ರಾಣದಿಂದ. ಲೆಕ್ಕಪ್ರಕಾರ ಹೆದರಬೇಕಾದವಳು ಅವಳು. ಆದರೆ ಅವಳು ಕೆಲಸ ಮಾಡುತ್ತ ಗುನುಗುತ್ತಿದ್ದಳು, ಟ್ರೇಗಳನ್ನು ಹಾಗೆಯೇ ತೆರೆದಿಟ್ಟು ಊಟಕ್ಕೆ ಹೋಗುತ್ತಿದ್ದಳು. ಇಷ್ಟು ತೆರೆದಿಡುವವರು ಬೇರೇನೋ ಮುಚ್ಚಿಟ್ಟಿರಬೇಕು.

ಬೆಳಿಗ್ಗೆ ಹೆಂಡತಿ ಅಂಗಿಯ ಗುಂಡಿ ಹೊಲಿಯುತ್ತ, ದಾರವನ್ನು ಹಲ್ಲಿನಿಂದ ಕಡಿದು ಹೇಳಿದ್ದಳು: “ಇವತ್ತೊಂದಿನ ಯಾರ ಮೇಲೂ ಅನುಮಾನ ಪಡಬೇಡ್ರೀ. ನಿಮಗೆ ಕನ್ನಡಿಲಿ ಕಾಣೋನ ಮೇಲೂ ನಂಬಿಕೆ ಇಲ್ಲ.”

“ಅವನನ್ನ ನಂಬೋಕೆ ಏನಾದ್ರೂ ಕಾರಣ ಇದ್ಯಾ?”

“ನೋಡಿ, ತಮಾಷೆ ಬರುತ್ತೆ ನಿಮಗೆ. ಮೇಡಂ ಮುಂದೆ ಮಾತ್ರ ನಾಲಿಗೆ ಒಣಗುತ್ತೆ.” ಅಂಗಿಯನ್ನು ಅವನ ಹೆಗಲಿಗೆ ಎಸೆದಳು. “ಕುರ್ಚಿ ಸಿಗದೆ ಹೋದ್ರೆ ನಮ್ಮಣ್ಣ ಗೋಡೌನಿನ ಕೆಲಸಕ್ಕೆ ಕರೀತಾನೆ. ಬೈಕೊಂಡೇ ಕರೀತಾನೆ, ಕರಿಯೋದಂತೂ ನಿಜ.” ಭಾವಮೈದುನನ ಆ ಬೈಗುಳ ಅವನಿಗೆ ಈಗಲೇ ಕೇಳಿಸುತ್ತಿತ್ತು: ಭಾವ, ಗಡ್ಡ ಎಣಿಸಿದ್ದು ಸಾಕಾಯ್ತಾ?

ಗೋಡೌನಿನ ಮೂಟೆಗಳ ನಡುವೆ ನಿಂತ ತನ್ನನ್ನು ಮನಸ್ಸಿನಲ್ಲೇ ನೋಡುತ್ತ ಅವನು ಒಳ ಜೇಬಿನಿಂದ ಬೀಗದಕೈ ತೆಗೆದು ಮೇಜಿನ ಖಾನೆ ತೆರೆದ. ಊಟದ ಡಬ್ಬಿಯ ಹಿಂದೆ ಕಿವಿಗೆ ಬಿಡುವ ಔಷಧದ ಹಳೆಯ ಬಾಟಲಿ ಇತ್ತು. ಅದರೊಳಗೆ ಅವನ ಸ್ವಂತ ಪೊಟ್ಯಾಶ್ ನೀರು. ಕಪಾಟಿನ ಮೇಲೆ ಇಬ್ಬರಿಗೂ ಸೇರಿದ ದೊಡ್ಡ ಬಾಟಲಿ ಒಂದಿತ್ತು. ಕೆಲಸ ಶುರುವಾದ ವಾರವೇ ಅವಳು ಆ ಬಾಟಲಿಯನ್ನು ಬೆಳಕಿಗೆ ಹಿಡಿದು ಅಲುಗಾಡಿಸುತ್ತಿದ್ದುದನ್ನು ಕಂಡಿದ್ದ. ಯಾಕೆ ಅಲುಗಾಡಿಸಬೇಕು? ಒಂದು ಲೋಟ ನೀರು ಬೆರೆಸಿದರೆ ಸಾಕು, ದೊಡ್ಡಕ್ಕಂದಿರೆಲ್ಲ ಬಾಯಿ ಮುಚ್ಚಿಕೊಳ್ಳುತ್ತಾರೆ. ಗೊತ್ತಿದ್ದವಳು ತನ್ನದನ್ನು ಬೇರೆ ಕಲಸಿಕೊಳ್ಳುತ್ತಾಳೆ, ಗೊತ್ತಿಲ್ಲದವನು ಮುಳುಗುತ್ತಾನೆ. ಅದೇ ಸಂಜೆ, ಅವಳು ಹೋದ ಮೇಲೆ, ಅದರಿಂದ ಒಂದಷ್ಟನ್ನು ಸುರಿದುಕೊಂಡು ಖಾನೆಗೆ ಸೇರಿಸಿ ಬೀಗ ಹಾಕಿದ್ದ. ಸುರಿಯುವಾಗ ಚೆಲ್ಲಿ ಬೆರಳ ಸಂದಿಯಲ್ಲಿ ಜಾರುಜಾರಾದದ್ದು, ಎಷ್ಟು ತೊಳೆದರೂ ಸೋಪಿನಂತೆ ಅಂಟಿಕೊಂಡೇ ಇದ್ದದ್ದು ನೆನಪಿತ್ತು. ಅಮ್ಮನೂ ಹೀಗೆಯೇ. ನೆಂಟರು ಬಂದಾರೆಂದು ಬಿಸ್ಕತ್ತಿನ ಪೊಟ್ಟಣಗಳನ್ನು ಟ್ರಂಕಿನಲ್ಲಿಟ್ಟು ಬೀಗ ಜಡಿಯುತ್ತಿದ್ದಳು. ಮನೆಯಲ್ಲಿದ್ದವರು ಮೂರೇ ಜನ: ಅವಳು, ಇವನು, ಹಾಸಿಗೆಯಿಂದ ಏಳಲಾರದ ಅಜ್ಜಿ. ಬೀಗ ಯಾರಿಗಾಗಿ ಎಂದು ಮೂರನೆಯವರನ್ನು ಕೇಳಬೇಕಾಗಿರಲಿಲ್ಲ. ಕೊನೆಗೆ ನೆಂಟರು ಬಂದ ದಿನ ತಟ್ಟೆಯಲ್ಲಿಟ್ಟ ಬಿಸ್ಕತ್ತು ಕೈಗೆತ್ತಿಕೊಂಡರೆ ಬಾಗುತ್ತಿತ್ತು. ಯಾರೋ ಅತ್ತೆ ನಗುತ್ತ, ಏನೇ ಇದು, ಒದ್ದೆ ರಟ್ಟು ಎಂದಾಗ ಅಮ್ಮ ಇವನನ್ನು ದುರುಗುಟ್ಟಿ ನೋಡಿದ್ದಳು, ಬಿಸ್ಕತ್ತಿನ ಗರಿಮುರಿಯನ್ನು ಇವನೇ ಕದ್ದು ತಿಂದಿದ್ದಾನೆಂಬಂತೆ.

ಬೇರ್ಪಡಿಸುವುದೆಲ್ಲ ನಿನ್ನೆಯೇ ಮುಗಿದಿತ್ತು; ಅನುಮಾನ ಉಳಿದಿದ್ದ ಕೆಲವು ಪೊಟ್ಟಣಗಳನ್ನು ಚಿಕ್ಕಕ್ಕನ ಟ್ರೇಯಿಂದ ತೆಗೆದು ಮತ್ತೆ ಬಿಡಿಸಿದ. ಬ್ಲೇಡಿನಿಂದ ಎಳೆಯನ್ನು ಉದ್ದಕ್ಕೆ ಸೀಳಿ, ಹನಿ ಇಟ್ಟು, ಮಸೂರದಲ್ಲಿ ಕಣ್ಣಿಟ್ಟು ಕಾದ. ಹಳದಿ. ಕಾದ. ಹಳದಿ ಸ್ವಲ್ಪ ಮಾಸಲಾಯಿತೋ, ಮಾಸಲಾಯಿತೆಂದು ಅನ್ನಿಸಿತೋ. ಈಚೆಗೆ ಹೀಗೆಯೇ ಆಗುತ್ತಿತ್ತು. ಮೊದಲ ದಿನಗಳಲ್ಲಿ ಕೆಂಪು ತಾನಾಗಿ ಎದ್ದು ಬರುತ್ತಿತ್ತು. ಬರಬರುತ್ತ ಅದನ್ನು ಹುಡುಕಬೇಕಾಗಿತ್ತು. ಮಾದರಿಗಳು ಹಳೆಯವೇನೋ ಎಂದು ಅನುಮಾನಿಸಿದ. ಮೇಜಿನ ಮೇಲಿನ ದೀಪ ಬದಲಾಯಿಸಿದ್ದಾರೆಂದು ಅನುಮಾನಿಸಿದ. ಆಮೇಲೆ ಕಣ್ಣಿನ ಮೇಲೆಯೇ ಅನುಮಾನ ಬಂದು, ಹೆಂಡತಿಗೆ ಹೇಳದೆ ಕನ್ನಡಕದ ಅಂಗಡಿಗೆ ಹೋಗಿ ಕೂತು ಬಂದಿದ್ದ. ಅಂಗಡಿಯವನು, ನಿಮ್ಮ ಕಣ್ಣು ನನ್ನ ಕಣ್ಣಿಗಿಂತ ಚೆನ್ನಾಗಿದೆ ಸ್ವಾಮಿ, ವ್ಯಾಪಾರ ಕೆಡಿಸಬೇಡಿ ಎಂದು ಕಳಿಸಿದ್ದ. ಹಾಗಾದರೆ ಕಂಡದ್ದು ಕಂಡದ್ದೇ. ಕೆಂಪು ಇಲ್ಲದ ಕಡೆ ಕೆಂಪು ಎನ್ನುವುದು ಸುಳ್ಳು. ಪೊಟ್ಟಣವನ್ನು ಮಡಿಸಿ ಮತ್ತೆ ಚಿಕ್ಕಕ್ಕನ ಟ್ರೇಗೇ ಹಾಕಿದ. ಚಿಕ್ಕಕ್ಕನ ಟ್ರೇ ತುಂಬಿ ತುಳುಕುತ್ತಿತ್ತು, ದೊಡ್ಡಕ್ಕನದು ತಳ ಕಾಣುತ್ತಿತ್ತು.

“ಅಣ್ಣ.” ಪಕ್ಕದ ಮೇಜಿನವಳು ದೊಡ್ಡ ಬಾಟಲಿ ಹಿಡಿದು ನಿಂತಿದ್ದಳು. “ವಾರ ವಾರ ಮಾಡೋ ಹಾಗೆ ನಿನ್ನೆನೂ ಹೊಸದಾಗಿ ಕಲಸಿಟ್ಟೆ. ಹಳೇದು ಇಟ್ಟಷ್ಟೂ ಸಪ್ಪೆ ಆಗುತ್ತಲ್ವಾ, ಗಾಳಿ ತಾಗಿ. ನಿಮಗೂ ಸ್ವಲ್ಪ ಹಾಕ್ಲಾ?”

ಅವನು ತನ್ನ ಬಾಟಲಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡ. ಕೊನೆಯ ದಿನ. ಕೊನೆಯ ಸಲ ನೋಡುವ ಹೊತ್ತು. ಈಗ ಬಂದು ಹೊಸದು ಎನ್ನುತ್ತಿದ್ದಾಳೆ. “ಬೇಡ ಇವ್ರೇ, ನನ್ನತ್ರ ಇದೆ.”

“ಇದ್ಯಾ?” ಅವಳು ಅವನ ಮುಚ್ಚಿದ ಮುಷ್ಟಿಯನ್ನೂ, ತೆರೆದ ಖಾನೆಯನ್ನೂ, ಬೀಗದಲ್ಲಿ ನೇತಾಡುತ್ತಿದ್ದ ಬೀಗದಕೈಯನ್ನೂ ನೋಡಿದಳು. ಏನೋ ಅರ್ಥವಾದ ಹಾಗೆ ಮುಖ ಒಂದು ಕ್ಷಣ ಚಿಕ್ಕದಾಯಿತು. “ಸರಿ ಬಿಡಿ,” ಎಂದು ಹೋದಳು. ಆಮೇಲೆ ಅವಳು ಗುನುಗಲಿಲ್ಲ. ಗುನುಗದಿರುವುದು ಗುನುಗುವುದಕ್ಕಿಂತ ಹೆಚ್ಚು ಕೇಳಿಸಿತು.

ಊಟದ ಹೊತ್ತಿಗೆ ಬಾಗಿಲ ಬಳಿ ಕಾವಲಿನವನು ತಡೆದ. ಇವನಿಗೆ ನೆಟ್ಟಗೆ ಮೀಸೆಯೂ ಮೂಡುವುದಿಲ್ಲವೆಂದು ಅವನು ಬೇಕೆಂದೇ ಇಟ್ಟ ಹೆಸರು ಗಡ್ಡದ ಸಾಹೇಬ್ರು. “ಏನ್ ಗಡ್ಡದ ಸಾಹೇಬ್ರೇ, ಇವತ್ತು ತೀರ್ಪಂತೆ? ನಿಮ್ಮ ಕುರ್ಚಿ ಗಟ್ಟಿ ಬಿಡಿ. ಆಯಮ್ಮ ಪಾಪ, ಬಾಗಿಲು ತೆಗೆಯೋಕೆ ಮುಂಚೇನೇ ಬಂದು ಮೆಟ್ಟಿಲ ಮೇಲೆ ಕೂತಿತ್ತು. ರಾತ್ರಿಯೆಲ್ಲ ನಿದ್ದೆ ಇಲ್ಲ ಅಂತು.”

“ಒಳಗೆ ಯಾವಾಗ ಬಿಟ್ಟೆ?”

“ಬಾಗಿಲು ತೆಗೆದ ತಕ್ಷಣ. ಯಾಕೆ, ತಪ್ಪಾಯ್ತಾ?”

“ಇಲ್ಲಪ್ಪ, ಸುಮ್ನೆ ಕೇಳಿದೆ.” ಸುಮ್ಮನೆ ಎಂಬ ಮಾತು ಅವನ ಬಾಯಲ್ಲೇ ಕಹಿಯಾಯಿತು. ಸಾಕ್ಷಿ ಸಿಕ್ಕಿತ್ತು. ಹಾಳೆ ಎತ್ತಿದವಳು ಅವಳೇ. ಸಿಕ್ಕಿದ ಸಂತೋಷದಲ್ಲಿ ಊಟದ ಡಬ್ಬಿಯನ್ನು ಅರ್ಧಕ್ಕೇ ಮುಚ್ಚಿದ. ಮೇಡಂಗೆ ಹೇಳಬೇಕು. ಏನೆಂದು? ನಾನೊಂದು ಎಳೆ ಇಟ್ಟಿದ್ದೆ ಎಂದೇ? ಎಳೆ ಯಾಕೆ ಇಟ್ಟಿರಿ ಎಂದರೆ? ಕದ್ದವರನ್ನು ಹಿಡಿದುಕೊಡಲು ಹೊಂಚು ಹಾಕಿದವನು ಮೊದಲು ತನ್ನ ಹೊಂಚನ್ನು ಒಪ್ಪಿಕೊಳ್ಳಬೇಕಾಗುತ್ತದೆ. ವಾಪಸು ಬರುವಾಗ ಅವಳ ಟ್ರೇಗಳತ್ತ ಓರೆಗಣ್ಣು ಹಾಯಿಸಿದ. ನಿನ್ನೆ ಅವಳ ದೊಡ್ಡಕ್ಕನ ಟ್ರೇ ಗೋಪುರದ ಹಾಗಿದ್ದದ್ದು ಅವನಿಗೆ ಚೆನ್ನಾಗಿ ನೆನಪಿತ್ತು. ಇವತ್ತು ಅದರ ತಳ ಕಾಣುತ್ತಿತ್ತು.

ಮೇಡಂ ಬಂದಾಗ ಇಬ್ಬರೂ ಎದ್ದು ನಿಂತರು. ಅವರು ಒಂದು ಟ್ರೇಯಿಂದ ಒಂದು ಪೊಟ್ಟಣ, ಇನ್ನೊಂದರಿಂದ ಅದರದೇ ಜೋಡಿ ಎತ್ತುತ್ತ, ಸಂಖ್ಯೆ ಓದುತ್ತ ಹೋದರು. ಚಿಕ್ಕಕ್ಕ, ಚಿಕ್ಕಕ್ಕ. ದೊಡ್ಡಕ್ಕ, ದೊಡ್ಡಕ್ಕ. ಚಿಕ್ಕಕ್ಕ, ಚಿಕ್ಕಕ್ಕ. ಮೊದಮೊದಲು ಅವರ ದನಿಯಲ್ಲಿ ಮೆಚ್ಚುಗೆಯಿತ್ತು; ಆಮೇಲೆ ಅದು ಸಪಾಟಾಯಿತು; ಆಮೇಲೆ ಅವರು ಓದುವುದನ್ನು ನಿಲ್ಲಿಸಿದರು. “ಒಂದೂ ಬೇರೆ ಬರಲಿಲ್ಲವಲ್ಲ,” ಎಂದರು. ಕಪಾಟಿನಿಂದ ದೊಡ್ಡ ಬಾಟಲಿ ತೆಗೆದುಕೊಂಡು, ಇಬ್ಬರೂ ಚಿಕ್ಕಕ್ಕ ಎಂದಿದ್ದ ಒಂದು ಮಾದರಿಯ ಎಳೆ ಸೀಳಿ, ಹನಿ ಇಟ್ಟರು. ಅವನೂ ಬಗ್ಗಿದ. ಹಳದಿ ಎದ್ದಿತು. ಕಣ್ಣು ಮಿಟುಕಿಸಿ ನೋಡುವಷ್ಟರಲ್ಲಿ ಅದರ ನಡುವಿನಿಂದ, ಹುಡುಕಬೇಕಾದ ಅಗತ್ಯವೇ ಇಲ್ಲದೆ, ಗಾಯದಿಂದ ಬಂದ ಹಾಗೆ ಕೆಂಪು ಬಂತು. ಎಷ್ಟು ದಿನವಾಗಿತ್ತು ಆ ಕೆಂಪು ನೋಡಿ. ಹಳೆಯ ಸ್ನೇಹಿತನನ್ನು ಕಂಡ ಹಾಗೆ ಅವನ ಎದೆ ಒಮ್ಮೆ ಹಿಗ್ಗಿತು, ಆಮೇಲೆ ಅರ್ಥವಾಗಿ ಕುಸಿಯಿತು. ಮಾದರಿಯಲ್ಲ, ದೀಪವಲ್ಲ, ಕಣ್ಣಲ್ಲ. ಲೋಕದಲ್ಲಿ ಅವನು ಅನುಮಾನಿಸದೆ ಉಳಿಸಿದ್ದು ಒಂದನ್ನೇ. ತಾನೇ ಬೀಗ ಹಾಕಿಟ್ಟದ್ದನ್ನು.

ಮೇಡಂ ಇನ್ನೊಂದು ಪೊಟ್ಟಣ ನೋಡಿದರು. ಅದೂ ಕೆಂಪು. ಮತ್ತೊಂದು. “ಒಬ್ಬರು ತಪ್ಪೋದು ಸಹಜ,” ಎಂದರು, ಹನಿಗೊಳವೆಯನ್ನು ಒರೆಸುತ್ತ. “ಇಬ್ಬರೂ ತಪ್ಪೋದೂ ಸಹಜ. ಇಬ್ಬರೂ ಒಂದೇ ಕಡೆ, ಒಂದೇ ತಪ್ಪು ಮಾಡಬೇಕಾದರೆ, ಒಬ್ಬರು ಇನ್ನೊಬ್ಬರದು ನೋಡಿರಬೇಕು. ಯಾರು?”

ಅವನ ನಾಲಿಗೆ ಒಣಗಿತು. ಎಳೆಯ ಕಥೆ, ಕಾವಲಿನವನ ಸಾಕ್ಷಿ, ಕೂಡಿಸಿಟ್ಟ ಎಲ್ಲವೂ ಗಂಟಲಿನವರೆಗೆ ಬಂದು ನಿಂತವು. ಆ ತಪ್ಪು ಯಾರ ಬಾಟಲಿಯಿಂದ ಹುಟ್ಟಿದ್ದು ಎಂದು ತೋರಿಸಿದರೆ, ನೋಡಿ ಹಾಕಿದವನು ತಾನಲ್ಲ ಎಂದು ಸಾಬೀತಾಗುತ್ತಿತ್ತು. ತಾನು ಕಳ್ಳನಲ್ಲ, ಕೆಲಸ ಬಾರದವನು ಅಷ್ಟೇ. ಎರಡರಲ್ಲಿ ಯಾವುದಕ್ಕೆ ಕುರ್ಚಿ ಕೊಡುತ್ತಾರೆ?

“ನಾನು ಮೇಡಂ,” ಎಂದಳು ಪಕ್ಕದ ಮೇಜಿನವಳು.

“ಯಾಕೆ?”

“ನನಗೆ ಇವೆಲ್ಲ ಕೆಂಪೇ ಕಂಡಿದ್ದು. ಬೆಳಿಗ್ಗೆ ಭಯ ಆಯ್ತು, ಅಣ್ಣಂದು ಒಂದ್ಸಲ ನೋಡಿಬಿಡೋಣ ಅಂತ ಹಾಳೆ ಎತ್ತಿದೆ. ಎಷ್ಟೊಂದು ಚಿಕ್ಕಕ್ಕನ ಕಡೆ ಇತ್ತು.” ಅವಳು ಸೆರಗಿನ ತುದಿಯಿಂದ ಬೆರಳು ಒರೆಸಿಕೊಳ್ಳುತ್ತಲೇ ಇದ್ದಳು. “ಇಷ್ಟು ವರ್ಷ ಇದೇ ಕೆಲಸ ಮಾಡಿದವರು. ಅವರು ತಪ್ತಾರಾ? ನಾನೇ ಆಸೆಗಣ್ಣಿಂದ ಕೆಂಪು ಕಂಡೆ ಅಂದ್ಕೊಂಡೆ. ಎಲ್ಲ ತೆಗೆದು ತೆಗೆದು ಆ ಟ್ರೇಗೆ ಹಾಕಿದೆ.”

ಹೆಂಡತಿಯಿಂದ ಹಿಡಿದು ಯಾರೂ ಅವನನ್ನು ಈ ಪ್ರಮಾಣದಲ್ಲಿ ನಂಬಿರಲಿಲ್ಲ. ತಮ್ಮ ಕಣ್ಣನ್ನೇ ಸುಳ್ಳು ಮಾಡಿಕೊಳ್ಳುವಷ್ಟು. ಅದು ಎಂಥ ಭಾರವೆಂದು ತಿಳಿಯುವ ಮೊದಲೇ ಮನಸ್ಸಿನ ಯಾವುದೋ ಮೂಲೆ ಹೇಳಿತು: ಇದೂ ಒಂದು ಉಪಾಯವಿರಬಹುದು. ಒಪ್ಪಿಕೊಂಡವರಿಗೆ ಮರುಕ ಸಿಗುತ್ತದೆ, ಕಂಡದ್ದು ಸರಿಯಿತ್ತೆಂಬ ಕೀರ್ತಿಯೂ ಸಿಗುತ್ತದೆ. ಆ ಯೋಚನೆ ಬಂದದ್ದಕ್ಕೆ ಅವನಿಗೆ ತನ್ನ ಬಗ್ಗೆ ಹೇಸಿಗೆಯಾಯಿತು. ಆದರೆ ಯೋಚನೆ ಹೋಗಲಿಲ್ಲ.

“ನಿಮಗೆ ಹಳದಿನೇ ಕಂಡಿತಾ?” ಮೇಡಂ ಅವನತ್ತ ತಿರುಗಿದರು.

“ಹಳದಿನೇ ಕಂಡಿತು ಮೇಡಂ.”

“ಈ ಬಾಟಲಿಯಿಂದ?”

ಅವಳಿಗೆ ಗೊತ್ತಿತ್ತು. ಮುಷ್ಟಿ, ಖಾನೆ, ಬೀಗದಕೈ, ಎಲ್ಲವನ್ನೂ ಕಂಡಿದ್ದಳು. ಈಗ ಬಾಯಿ ಬಿಟ್ಟಾಳೆಂದು ಕಾದ. ಅವಳು ಕಿಟಕಿಯ ಕಡೆ ನೋಡುತ್ತಿದ್ದಳು. ಅದನ್ನು ತಡೆಯಲಾರದೆ ಅವನೇ ಖಾನೆ ತೆರೆದು ಕಿವಿಯ ಔಷಧದ ಬಾಟಲಿಯನ್ನು ಮೇಜಿನ ಮೇಲಿಟ್ಟ. ಮೇಡಂ ಅದನ್ನು ಎತ್ತಿಕೊಂಡರು. ಮುಚ್ಚಳ ತಿರುಗಿಸದೆಯೇ ಕೈಗೆ ಬಂತು. ಅದರ ಬಾಯಿಯ ಸುತ್ತ ಬಿಳಿಯ ಹುಡಿ ಕಟ್ಟಿತ್ತು. ಕೆಂಪಾದ ಮಾದರಿಯದೇ ಇನ್ನೊಂದು ತುಂಡಿಗೆ ಅದರ ಹನಿ ಇಟ್ಟರು. ಮೂವರೂ ಕಾದರು. ಹಳದಿ, ಹಳದಿಯಾಗಿಯೇ ಉಳಿಯಿತು.

“ಬೇರೆ ಯಾಕೆ ಇಟ್ಕೊಂಡ್ರಿ?”

“ಕೈಗೆ ಹತ್ತಿರ ಇರಲಿ ಅಂತ.”

“ಬೀಗ ಹಾಕಿ?”

ಪಕ್ಕದ ಮೇಜಿನವಳು ಮೆಲ್ಲಗೆ, “ಊಟದ ಡಬ್ಬಿ ಇರುತ್ತಲ್ಲ ಮೇಡಂ, ಇರುವೆ ಬರುತ್ತೆ,” ಎಂದಳು. ಆ ಸುಳ್ಳು ಅವನಿಗೆ ಕಪಾಳಕ್ಕೆ ಬಿದ್ದ ಹಾಗಾಯಿತು. ಮೇಡಂ ಇಬ್ಬರನ್ನೂ ಒಮ್ಮೆ ನೋಡಿದರು. ನಗು ಬಂದಿತ್ತೋ ಸಿಟ್ಟು ಬಂದಿತ್ತೋ, ಹೇಳುವಂತಿರಲಿಲ್ಲ. “ಒಬ್ಬರಿಗೆ ಪಕ್ಕದವರ ಮೇಲೆ ನಂಬಿಕೆ ಇಲ್ಲ, ಇನ್ನೊಬ್ಬರಿಗೆ ತಮ್ಮ ಮೇಲೇ ಇಲ್ಲ. ನಾನು ಕುರ್ಚಿ ಯಾವುದಕ್ಕೆ ಕೊಡ್ಲಿ?” ಕಟ್ಟಿಟ್ಟಿದ್ದ ಇನ್ನೊಂದು ಚೀಲದಿಂದ, ಇಬ್ಬರೂ ನೋಡಿರದ ಒಂದು ಗಡ್ಡ ತೆಗೆದು ಅವನ ಮೇಜಿನ ಮೇಲಿಟ್ಟರು. “ಒಂದೇ ಮೇಜು, ಒಂದೇ ಬಾಟಲಿ. ನಾನು ಆ ಬಾಗಿಲ ಹತ್ತಿರ ನಿಂತಿರ್ತೀನಿ. ನೋಡಿ, ಇಬ್ಬರೂ ಒಟ್ಟಿಗೆ ಬಣ್ಣ ಹೇಳಿ. ಸರಿ ಹೇಳಿದವರಿಗೆ ಕುರ್ಚಿ, ಇವತ್ತೇ ಮುಗಿಸಿಬಿಡ್ತೀನಿ.”

ಅವಳು ತನ್ನ ಸ್ಟೂಲು ಎಳೆದುಕೊಂಡು ಅವನ ಪಕ್ಕ ಕೂತಳು. ಅವನು ಎಳೆ ಸೀಳಿದ. ಅವಳು ಹನಿ ಇಟ್ಟಳು. ಹನಿ ತಿರುಳಿಗೇ ಬಿತ್ತೇ ಚರ್ಮಕ್ಕೆ ಬಿತ್ತೇ ಎಂದು ನೋಡಿದ, ಅವಳ ಕಣ್ಣು ಎಲ್ಲಿದೆ ಎಂದು ನೋಡಿದ. ಅದು ತನ್ನ ಮುಖದ ಮೇಲಿತ್ತು. ಅವಳೂ ಅವನಿಂದಲೇ ಬಣ್ಣ ತಿಳಿಯಲು ಕಾಯುತ್ತಿದ್ದಳು. ಇಬ್ಬರೂ ತಪ್ಪು ಸಿಕ್ಕಿಬಿದ್ದ ಮಕ್ಕಳಂತೆ ಒಟ್ಟಿಗೆ ಕಣ್ಣು ಕೆಳಗಿಳಿಸಿದರು.

“ಹೇಳಿ,” ಎಂದರು ಮೇಡಂ.

“ಹಳದಿ,” ಎಂದ ಅವನು.

“ಕೆಂಪು,” ಎಂದಳು ಅವಳು.

ಬಾಗಿಲಿನ ಬಳಿಯಿಂದ ಚಪ್ಪಲಿಯ ಸದ್ದು ಹೊರಟಿತು. ಅವನು ಮಸೂರದಿಂದ ಕಣ್ಣು ತೆಗೆಯಲಿಲ್ಲ. ಹಳದಿಯೇ. ಹಳದಿಯೇ ಆಗಿತ್ತು. ಕಂಡದ್ದನ್ನೇ ಹೇಳಿದ್ದ, ಅದರಲ್ಲಿ ಸುಳ್ಳಿರಲಿಲ್ಲ. ಆಮೇಲೆ ಬಿಳಿಯ ನರದ ಬದಿಯಲ್ಲಿ, ನಾಚಿಕೊಂಡ ಹಾಗೆ ಒಂದು ಚುಕ್ಕೆ ಕಂದಿತು, ಹರಡಿತು, ಇಟ್ಟಿಗೆಯ ಬಣ್ಣಕ್ಕೆ ಏರಿತು. ಮೇಡಂ ಇನ್ನೂ ಅರ್ಧ ಕೋಣೆ ದೂರವಿದ್ದರು. ಬೆರಳ ತುದಿಯಿಂದ ಎಳೆಯನ್ನು ಒಮ್ಮೆ ಸವರಿದರೆ ಸಾಕಿತ್ತು, ಯಾರಿಗೂ ಏನೂ ಕಾಣುತ್ತಿರಲಿಲ್ಲ. ಗೋಡೌನಿನ ಮೂಟೆಗಳು, ಭಾವಮೈದುನನ ನಗು, ಹೊಸ ಗುಂಡಿಯ ಅಂಗಿ ತೊಟ್ಟ ತಾನು. ಅವನು ಕೈಗಳೆರಡನ್ನೂ ಮೇಜಿನ ಕೆಳಗೆ ತೊಡೆಗಳ ನಡುವೆ ಬಿಗಿಹಿಡಿದುಕೊಂಡ.

“ಕೆಂಪಾಯ್ತು ಮೇಡಂ,” ಎಂದ. “ನಾನು ಅವಸರಪಟ್ಟೆ. ಇವರು ಹೇಳಿದ್ದೇ ಸರಿ.”

ಮೇಡಂ ಬಗ್ಗಿ ನೋಡಿ ತಲೆಯಾಡಿಸಿದರು. ಅವಳ ಹೆಗಲ ಮೇಲೆ ಕೈಯಿಟ್ಟರು. ಅಷ್ಟರಲ್ಲಿ ಮುಗಿದಿತ್ತು. ಅವಳು ಅಳುತ್ತಿದ್ದಳು, “ಅಣ್ಣ, ಅಣ್ಣ” ಎನ್ನುತ್ತಿದ್ದಳು, ಅವನು ಪರವಾಗಿಲ್ಲ ಇವ್ರೇ, ಪರವಾಗಿಲ್ಲ ಎನ್ನುತ್ತ ಟ್ರೇಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದ. ಪರವಾಗಿಲ್ಲ ಎಂಬುದು ಆ ಕ್ಷಣಕ್ಕೆ ನಿಜವೂ ಆಗಿತ್ತು, ಮೈ ಹಗುರಾಗಿತ್ತು. ಆದರೆ ಹಗುರಾದ ಮೈಯೊಳಗೆ, ತೊಳೆದಷ್ಟೂ ಹೋಗದ ಆ ಜಾರುಜಾರಿನಂತೆ, ಒಂದು ಪ್ರಶ್ನೆ ಆಗಲೇ ಓಡಾಡತೊಡಗಿತ್ತು: ಎಳೆ ಇನ್ನೂ ಹಳದಿಯಾಗಿದ್ದಾಗಲೇ ಅವಳು ಕೆಂಪು ಎಂದಳಲ್ಲ, ಏನನ್ನು ನೋಡಿ?